ಕುರ್ಚಿ ಬಿಟ್ಟು ಬಂದ ಜನಕರಾಜ

ಇಲ್ಲ ಸ್ವಾಮಿ, ನೀವು ಹಾಗೆ ಮೂಗು ಮುರಿಯಬೇಡಿ. ನಮ್ಮಣ್ಣ ಕೂತರೆ ನಿಜಕ್ಕೂ ಅಲುಗುತ್ತಿರಲಿಲ್ಲ. ಒಮ್ಮೆ ಗಿರಾಕಿಯೊಬ್ಬ ಕುರ್ಚಿಯೆಂದೇ ತಿಳಿದು ಅವನ ತೊಡೆಯ ಮೇಲೆ ಕೂತು, "ಇದಕ್ಕೆಷ್ಟು?" ಎಂದು ಕೇಳಿದ್ದ. ಸರಿ, ಕೂರಲಿಲ್ಲ, ಕೈ ಇಟ್ಟಿದ್ದ. ಅಷ್ಟಾದರೂ ಒಪ್ಪಿಕೊಳ್ಳಿ.

ನಾವಿಬ್ಬರೂ ಮರಗೆಲಸದ ಅಂಗಡಿಯಲ್ಲಿದ್ದೆವು. ಅಲ್ಲಿ ಅವನನ್ನು ಎಲ್ಲರೂ ಜನಕರಾಜ ಎಂದೇ ಕರೆಯುತ್ತಿದ್ದರು. ಪುರಾಣದ ಜನಕ ಸಿಂಹಾಸನದ ಮೇಲಿದ್ದೂ ಮೋಹವಿಲ್ಲದ ಜ್ಞಾನಿ; ರಾಜಧಾನಿಯೇ ಉರಿದರೂ ತನ್ನದೇನೂ ಸುಡದು ಎಂದವನು. ಅಣ್ಣ ಆ ಕತೆಯನ್ನು ಓದಿದ್ದೇ ಓದಿದ್ದು. ಮನೆಯಲ್ಲಿ ಹಿಟ್ಟು ಮುಗಿದಿದೆ ಎಂದರೆ, "ಹಸಿವು ದೇಹದ್ದು ಕಣೇ, ನನ್ನದಲ್ಲ" ಎನ್ನುತ್ತಿದ್ದ.

"ಹಾಗಾದ್ರೆ ಆ ದೇಹಾನೇ ಅಂಗಡಿಗೆ ಕಳಿಸಿ, ಹಿಟ್ಟು ತರ್ಲಿ" ಎನ್ನುತ್ತಿದ್ದರು ಅತ್ತಿಗೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಕೆಲಸ ಕಲಿತವನು ಒಂದೂ ಮೊಳೆ ಹೊಡೆಯದೆ ಕುರ್ಚಿ ಮಾಡಬೇಕು. ಯಜಮಾನರು ಅದರಲ್ಲಿ ಕೂತು, ಹಿಂದಕ್ಕೆ ಒರಗಿದಾಗ ಅದು ಕಿರ್ ಎನ್ನದಿದ್ದರೆ ಅವನು ಬಡಗಿ. ಅಲ್ಲಿಯವರೆಗೆ ಬರೀ ಮರ ಹೊರುವವನು. ನಾಲ್ಕು ತಿಂಗಳು ಉಜ್ಜಿ ಉಜ್ಜಿ ಮಾಡಿದ ನನ್ನ ಕುರ್ಚಿ ಬಾಗಿಲ ಪಕ್ಕ ಒಣಗುತ್ತಿತ್ತು. ಯಜಮಾನರು ಮರುದಿನ ಬೆಳಿಗ್ಗೆ ಕೂರುವವರಿದ್ದರು.

ಅಂದು ಅಂಟು ಕಾಯಿಸುವ ಸರದಿ ಅಣ್ಣನದು. ಒಲೆ ಅವನ ಮುಂದೆ, ಕಣ್ಣು ಪುಸ್ತಕದಲ್ಲಿ. ಅಂಟಿನ ಡಬ್ಬಿ ಇಟ್ಟಿದ್ದ ಪಾತ್ರೆಯ ನೀರು ಬತ್ತಿತು, ಅಂಟು ಹೊತ್ತಿತು, ಮರದ ಹೊಟ್ಟಿಗೆ ಕಿಡಿ ಹಾರಿತು. ಮರ ತರಲು ಹೋಗಿದ್ದ ನಾನು ಹೊಗೆ ಕಂಡು ಓಡಿ ಬಂದರೆ, ಅಣ್ಣ ಮದುಮಗನ ಹಾಗೆ ನಿಧಾನವಾಗಿ ಹೊರಗೆ ಬರುತ್ತಿದ್ದ.

"ನನ್ನ ಕುರ್ಚಿ ಎಲ್ಲೋ ಅಣ್ಣಾ?"

"ನಂದು ನಂದು ಅಂತೀಯಲ್ಲೋ ತಮ್ಮಾ, ಅದಕ್ಕೇ ನಿಂಗೆ ಸಂಕಟ."

ಅವನ ಕಂಕುಳಲ್ಲಿ ಪುಸ್ತಕ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಛತ್ರಿ. ಮಳೆಗಾಲವೂ ಅಲ್ಲ.

ವಯಸ್ಸಾಗಿದ್ದ ಯಜಮಾನರು ಅಂಗಡಿಯನ್ನು ಮತ್ತೆ ಕಟ್ಟಲಿಲ್ಲ. ಬೇರೆ ಕಡೆ ಕೆಲಸ ಕೇಳಿದರೆ, "ನಿನ್ನ ಕುರ್ಚಿಯಲ್ಲಿ ಯಾರು ಕೂತಿದ್ರು?" ಎಂದು ಕೇಳುತ್ತಿದ್ದರು. ಹಾಗಾಗಿ ನಲವತ್ತು ವರ್ಷ ಇನ್ನೊಬ್ಬರ ಮರ ಹೊತ್ತೆ. ಅಣ್ಣನಿಗೆ ಮಾತ್ರ ಹೆಸರು ಬಂತು. ಬೆಂಕಿಯ ಮುಂದೂ ಕದಲದವನು ಎಂದು ಜನ ಬಂದು ಅವನ ಕಾಲು ಮುಟ್ಟುತ್ತಿದ್ದರು.

ನಾನು ಅವನೊಡನೆ ಮಾತು ಬಿಟ್ಟೆ. ಅವನು ಸಾಯುವವರೆಗೂ ಆಡಲಿಲ್ಲ. ಅವನಿಗೆ ಅದರಿಂದಲೂ ಏನೂ ದುಃಖವಾಗಲಿಲ್ಲವಂತೆ. ಅತ್ತಿಗೆಯೇ ಹೇಳಿದರು. ನನಗೆ ಮಾತ್ರ ಇವತ್ತಿಗೂ...

"ಮಾವಾ, ಎಷ್ಟು ಸಲ ಕರೀಲಿ? ಊಟ ಆರಿ ತಣ್ಣಗಾಯ್ತು!" ಒಳಗಿನಿಂದ ಸೊಸೆ ಕೂಗಿದಳು.

ಬಂದೆ ಕಣಮ್ಮಾ, ಬಂದೆ.