ಕಾಶಿಗೆ ಹೊರಟ ಇಂಜೆಕ್ಷನ್

ಕಡಲೆಬೀಜ ನನಗೆ ಆಗುವುದಿಲ್ಲ. ಚಿತ್ರಾನ್ನದಲ್ಲಿ ಅಡಗಿದ್ದ ಒಂದು ಬೀಜ ನನ್ನನ್ನು ಆಸ್ಪತ್ರೆ ಸೇರಿಸಿದ ಮೇಲೆ ಡಾಕ್ಟರು ಪೆನ್ನಿನ ಆಕಾರದ ಎರಡು ಇಂಜೆಕ್ಷನ್ ತರಿಸಿಕೊಟ್ಟರು. ಉಸಿರು ಕಟ್ಟತೊಡಗಿದರೆ ತಕ್ಷಣ ತೊಡೆಗೆ ಚುಚ್ಚಿಕೊಳ್ಳಬೇಕು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮೆಟ್ರೋ ಸ್ಟೇಷನ್ನಿನಿಂದ ಮನೆಗೆ ವಾಪಸ್ ಓಡುವ ಆಸಾಮಿ ನಾನು. ಅಂಥವನ ಹೆದರಿಕೆಗೆ ಈಗ ಡಾಕ್ಟರ ಸಹಿಯೂ ಬಿತ್ತು.

ಅಮ್ಮನಿಗೆ ಇದ್ದದ್ದು ಒಂದೇ ಆಸೆ, ಕಾಶಿ. ರೈಲಿಗೆ ಅವಳ ಮಂಡಿ ಒಪ್ಪುತ್ತಿರಲಿಲ್ಲ, ವಿಮಾನಕ್ಕೆ ನಾನು ಒಪ್ಪುತ್ತಿರಲಿಲ್ಲ. ಆಕಾಶದಲ್ಲಿ ಪಕ್ಕದವರು ಕಡಲೆಬೀಜದ ಪೊಟ್ಟಣ ಬಿಚ್ಚಿದರೆ? ಇಂಜೆಕ್ಷನ್ನನ್ನು ಒಳಗೇ ಬಿಡದಿದ್ದರೆ? ಹೀಗೆ ವರ್ಷಗಳನ್ನೇ ತಳ್ಳಿದೆ.

"ನೀನು ಯೋಚ್ನೆ ಮಾಡಿ ಮುಗಿಸೋ ಹೊತ್ಗೆ ನನ್ನ ಮಡಕೇಲಿ ತುಂಬ್ಕೊಂಡು ಕಾಶಿಗೆ ತಗೊಂಡ್ಹೋಗ್ತೀಯ ಕಣೋ" ಎಂದಳು ಒಂದು ದಿನ. ಅಂದೇ ಟಿಕೆಟ್ ಮಾಡಿಸಿದೆ.

ಆಮೇಲಿನ ತಯಾರಿ ನೋಡಿದವರಿಗೆ ನಾನು ಬಾಂಬು ಸಾಗಿಸುತ್ತಿದ್ದೇನೆ ಅನ್ನಿಸಬೇಕು. ಡಾಕ್ಟರ ಪತ್ರ, ಅದರ ಜೆರಾಕ್ಸುಗಳು, ಲ್ಯಾಮಿನೇಷನ್ ಮಾಡಿಸಿದ್ದೊಂದು, ಹಿಂದಿ ಅನುವಾದ. ಎಲ್ಲವನ್ನೂ ಮಡಿಸಿ ಇಂಜೆಕ್ಷನ್ ಜೊತೆ ಒಂದು ಚರ್ಮದ ಪೌಚಿನಲ್ಲಿ ತುಂಬಿದೆ. ತಪಾಸಣೆಯವರ ಮುಂದೆ ಹೇಳಬೇಕಾದ ಹಿಂದಿ ಮಾತುಗಳನ್ನು ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದೆ. ಹೊರಡುವ ಬೆಳಿಗ್ಗೆ ವಿಜಯನಗರದಿಂದ ವಿಮಾನ ನಿಲ್ದಾಣದವರೆಗೂ ಟ್ಯಾಕ್ಸಿಯಲ್ಲಿ ಪೌಚನ್ನು ಹಿಸುಕಿ ಹಿಸುಕಿ ನೋಡುತ್ತಲೇ ಇದ್ದೆ. ದಪ್ಪಗೆ, ಗಟ್ಟಿಯಾಗಿ ಇತ್ತು.

ತಪಾಸಣೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಅಭ್ಯಾಸ ಮಾಡಿದ ಭಾಷಣ ವ್ಯರ್ಥವಾಗುತ್ತಲ್ಲ ಎಂದು ನಾನೇ ಪೌಚನ್ನು ಮುಂದೆ ಹಿಡಿದು ಹಿಂದಿಯಲ್ಲಿ ಶುರು ಮಾಡಿದೆ. ತಪಾಸಣೆಯವ ಜಿಪ್ಪು ಎಳೆದು ನೋಡಿ ಅಪ್ಪಟ ಕನ್ನಡದಲ್ಲಿ ಕೇಳಿದ: "ಸಾರ್, ಇದ್ರಲ್ಲಿ ಬರೀ ಪೇಪರ್ ಇದೆ. ಇಂಜೆಕ್ಷನ್ ಎಲ್ಲಿ?"

ಹಿಂದೆ ನಿಂತಿದ್ದ ಅಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ದೇವ್ರ ಮುಂದೆ ಇಟ್ಟಿದ್ದೆ ಕಣೋ. ದೂರ ಹೋಗೋ ವಸ್ತು, ಒಂಚೂರು ಕುಂಕುಮ ಹಚ್ಚೋಣ ಅಂತ. ಚರ್ಮದ್ದು ದೇವ್ರ ಮನೆಗೆ ಬೇಡ ಅಂತ ಪೌಚಿಂದ ತೆಗ್ದೆ. ಹೊರಡೋ ಗಡಿಬಿಡೀಲಿ..."

ಮನೆಗೆ ಬೀಗ, ಕೀಲಿ ನನ್ನ ಜೇಬಿನಲ್ಲಿ. ಹೋಗಿ ತರುವಷ್ಟು ಹೊತ್ತಿಲ್ಲ. ಒಳಗಿನ ಔಷಧಿ ಅಂಗಡಿಯಲ್ಲಿ ಅಲರ್ಜಿಗೆ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ.

"ಎರಡೂವರೆ ಗಂಟೆ ತಾನೇ? ಏನೂ ತಿನ್ಬೇಡ, ಬಾಯಿ ಮುಚ್ಕೊಂಡು ಕೂತ್ಕೋ" ಎಂದಳು ಅಮ್ಮ. "ಅಲ್ಲಿ ನಾನೇ ಅವಲಕ್ಕಿ ಕಲೆಸಿ ಕೊಡ್ತೀನಿ. ಬಾರೋ."

ಅದಕ್ಕಿಂತ ಸರಳವಾದ ಉಪಾಯ ನನಗೆ ಇಂದಿಗೂ ಹೊಳೆದಿಲ್ಲ. ಆದರೆ ನಾನು ಹೊರಗೆ ಬಿಡಿ ಎಂದು ತಪಾಸಣೆಯವನನ್ನು ಕೇಳಿಕೊಳ್ಳುತ್ತಿದ್ದೆ. ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು, ಅವಳೂ ಎರಡು ಬೈದಿರುತ್ತಿದ್ದಳು. ವಾಪಸ್ ಬರುವ ದಾರಿಯುದ್ದಕ್ಕೂ ಗಂಗೆಯ ನೀರಿಗೆಂದು ಒಯ್ದಿದ್ದ ಖಾಲಿ ತಂಬಿಗೆ ಅವಳ ಮಡಿಲಲ್ಲಿತ್ತು.

ಬೀಗ ತೆಗೆದಾಗ ದೇವರ ಮನೆಯ ದೀಪ ಆರಿತ್ತು. ಎರಡು ಇಂಜೆಕ್ಷನ್‌ಗಳೂ ಹಣೆಗೆ ಕುಂಕುಮ ಇಟ್ಟುಕೊಂಡು, ತಲೆಗೊಂದು ಸೇವಂತಿಗೆ ಮುಡಿದು ಕಾಶಿಗೆ ಸಿದ್ಧವಾಗಿ ಮಲಗಿದ್ದವು.

ಮುಂದಿನ ಚಳಿಗಾಲಕ್ಕೆ ಹೋಗೋಣ ಎಂದೆ. ಅಷ್ಟರಲ್ಲಿ ಅವಳ ಹೃದಯಕ್ಕೆ ತೊಂದರೆ ಕಾಣಿಸಿ, ಡಾಕ್ಟರು ವಿಮಾನ ಬೇಡವೇ ಬೇಡ ಅಂದರು. ಆ ಎರಡು ಇಂಜೆಕ್ಷನ್‌ಗಳು ಒಮ್ಮೆಯೂ ಬಳಕೆಯಾಗದೆ ಅವಧಿ ಮುಗಿಸಿದವು.

ಮೊನ್ನೆ ಮೈಸೂರಿಗೆ ಹೊರಟಾಗ ಹೊಸ ಇಂಜೆಕ್ಷನ್‌ಗಳನ್ನು ಪೌಚಿನಿಂದ ತೆಗೆದು ಅವಳ ಮುಂದೆ ಹಿಡಿದು, "ದೇವ್ರ ಮುಂದೆ ಇಟ್ಟು ಕೊಡಮ್ಮ" ಎಂದೆ.

"ಬೇಡಪ್ಪ, ನಂಗೆ ಮರೆವು" ಎಂದು ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.