ಕಲ್ಲು ನೆಟ್ಟವರ ಭಾಷೆ

ನಮ್ಮಪ್ಪ ಒಂದು ಭಾಷೆ ಕಟ್ಟಿದ್ದ. ಇಡೀ ಭೂಮಿಯ ಮೇಲೆ ಅದನ್ನು ಆಡುತ್ತಿದ್ದವನು ಅವನೊಬ್ಬನೇ, ಅವನೂ ತಡವರಿಸುತ್ತಿದ್ದ. ಆದರೆ ಕಟ್ಟಿದ್ದು ತಾನೆಂದು ಒಪ್ಪುತ್ತಿರಲಿಲ್ಲ, ಅದು ತನಗೆ ಸಿಕ್ಕಿದ್ದು ಎನ್ನುತ್ತಿದ್ದ. ಶಹಾಪುರದ ಹೊರಗೆ, ಬೆಟ್ಟದ ಹಿಂದಿನ ಬಯಲಿನಲ್ಲಿ ಸೊಂಟದೆತ್ತರದ ಬಂಡೆಗಳನ್ನು ಸಾಲುಸಾಲಾಗಿ ಇಟ್ಟುಹೋದವರಿದ್ದಾರಲ್ಲ, ರಾಜರಿಗಿಂತ, ಊರುಗಳಿಗಿಂತ ಮೊದಲಿನ ಆ ಮಂದಿ ಆಡುತ್ತಿದ್ದ ಮಾತು ಅದು ಎಂದು ಅವನ ವಾದ. ಗುರುತೇನು ಎಂದು ಕೇಳಿದರೆ, ‘ಕಲ್ಲು ಇಷ್ಟು ನೆಟ್ಟಗ ಇಟ್ಟವ್ರು ಮಾತು ಸೊಟ್ಟಗ ಆಡಿರ್ತಾರೇನು?’ ಎನ್ನುತ್ತಿದ್ದ. ಪುರಾವೆ ಇಷ್ಟೇ. ಮುಂದೆ ನಾನು ಓದಿದವರ ಬಾಯಲ್ಲಿ ಬೇಕಾದಷ್ಟು ಪುರಾವೆ ಕೇಳಿದ್ದೇನೆ. ಬಹಳಷ್ಟು ಇದೇ ತೂಕದವು.

ಆಗಿನ ಸಂಗತಿ ಹೇಳಿಬಿಡಬೇಕು. ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ಆಳಿಕೆ ಹೋಗಿತ್ತು. ಅಪ್ಪ ಶಹಾಪುರದ ಉರ್ದು ಶಾಲೆಯಲ್ಲಿ ಮಾಸ್ತರ. ಮನೆಯಲ್ಲಿ ಮಾತಾಡುವುದು ಕನ್ನಡ, ಬೈಯುವುದು ಕನ್ನಡ, ನಿದ್ದೆಯಲ್ಲಿ ಕನವರಿಸುವುದೂ ಕನ್ನಡ. ಓದಲು ಬರೆಯಲು ಮಾತ್ರ ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಕಡೆ ಓದಿದ ಗಂಡಸರು ಆಗ ಬಹುತೇಕ ಹೀಗೆಯೇ, ಉರ್ದುವಿನಲ್ಲಿ ಓದಿ ಉರ್ದುವಿನಲ್ಲೇ ಸಹಿ ಹಾಕುವವರು. ಬೋನಾಳದಿಂದ ನನ್ನ ಸೋದರಮಾವ ಯಾರಿಂದಲೋ ಬರೆಸಿದ ಕನ್ನಡ ಕಾಗದ ಬಂದರೆ ಅಪ್ಪ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು, ‘ಎಲ್ಲಾರೂ ಆರಾಮ ಅದಾರಂತ’ ಎಂದು ಮಡಚಿಡುತ್ತಿದ್ದ. ಒಮ್ಮೆ ಅಂಥ ಕಾಗದದಲ್ಲಿ ಅವ್ವನ ದೊಡ್ಡಮ್ಮ ತೀರಿಕೊಂಡ ಸುದ್ದಿಯಿತ್ತು. ಅವ್ವನಿಗೆ ಅದು ತಿಳಿದದ್ದು ತಿಂಗಳ ಮೇಲೆ, ಬೇರೆ ಯಾರೋ ಹೇಳಿದಾಗ.

ಇಂಥ ಮಾಸ್ತರರಿಗೆಲ್ಲ ಹುಕುಂ ಬಂತು. ವರ್ಷದೊಳಗೆ ಯಾದಗಿರಿಗೆ ಹೋಗಿ ಕನ್ನಡ ಪರೀಕ್ಷೆಗೆ ಕೂತು ಪಾಸಾಗಬೇಕು, ಇಲ್ಲವಾದರೆ ನೌಕರಿ ಬಿಡಬೇಕು. ನೌಕರಿ ಹೋದರೆ ನಮಗೆ ಉಳಿಯುವುದು ಬೋನಾಳದ ಮಾವನ ಮನೆ. ಮಾವ ಆಗಲೇ ಬಂದು ಅವ್ವನಿಗೆ ಹೇಳಿಹೋಗಿದ್ದ: ‘ಹುಡುಗಿ ದೊಡ್ಡಾಕಿ ಆಗ್ಯಾಳ. ನಮ್ಮೂರಿಗಿ ಬಂದ್ರ ಸಾಲಿ ಇಲ್ಲ ಏನಿಲ್ಲ, ಸೀದಾ ಲಗ್ನ.’ ಆ ಹುಡುಗಿ ನಾನು. ಉರ್ದು ನಾಲ್ಕನೆಯ ಜಮಾತು ಮುಗಿಸಿ, ಹೊಸದಾಗಿ ತೆರೆದ ಕನ್ನಡ ತರಗತಿಗೆ ಹೋಗುತ್ತಿದ್ದೆ. ಅಲ್ಲಿನ ಹೆಣ್ಣುಮಕ್ಕಳಲ್ಲಿ ಓದಿನಲ್ಲಿ ಮೊದಲನೆಯವಳು, ಇದ್ದದ್ದು ಮೂವರು, ಆ ಮಾತು ಬೇರೆ. ಪರೀಕ್ಷೆ ಅಪ್ಪನದು, ನಪಾಸಾದರೆ ಶಾಲೆ ಬಿಡಬೇಕಾದವಳು ನಾನು.

ಅವ್ವ ದಾರಿ ತೋರಿಸಿದಳು. ‘ದೂರ ಯಾಕ ಹೋಗ್ತೀರಿ? ಮನ್ಯಾಗ ಮಗಳು ಅದಾಳ, ಆಕಿ ಕಡಿಂದ ಅಕ್ಷರ ಕಲ್ತಕೋರಿ.’ ಅಪ್ಪ ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನನ್ನ ಕಡೆ ನೋಡಲೂ ಇಲ್ಲ. ‘ಇಪ್ಪತ್ತು ವರ್ಷ ಮಂದಿಗಿ ಕಲಿಸೀನಿ. ಈಗ ಈ ಲಂಗದ ಹುಡುಗಿ ಮುಂದ ಹಲಿಗಿ ಹಿಡ್ಕೊಂಡು ಕುಂದರ್ಲೇನು?’ ಎಂದ.

ಹಲಗೆಯಿಂದ ತಪ್ಪಿಸಿಕೊಂಡ ಮನುಷ್ಯ ಹೋಗಿ ಸೇರಿದ್ದು ಆ ಬಂಡೆಗಳ ಹತ್ತಿರ. ಉರ್ದು ನಿನ್ನೆಯದು, ಕನ್ನಡ ಮೊನ್ನೆಯದು. ಎರಡಕ್ಕೂ ಮೊದಲಿನದನ್ನು ಬಲ್ಲವನಿಗೆ ಎಂಥ ಪರೀಕ್ಷೆ ಎಂಬುದು ಅವನ ಲೆಕ್ಕಾಚಾರ. ರಜೆ ಬಂತೆಂದರೆ ನೋಟುಬುಕ್ಕು ಹಿಡಿದು ಹೊರಡುತ್ತಿದ್ದ. ಒಂದೊಂದು ಬಂಡೆಸಾಲೂ ಲೋಕದ ಒಂದೊಂದು ವರ್ಗವಂತೆ. ಪದವನ್ನು ಕೇಳಿದ ಕೂಡಲೇ ವಸ್ತುವಿನ ಕುಲಗೋತ್ರವೆಲ್ಲ ತಿಳಿಯಬೇಕಂತೆ. ಮೊದಲ ಸಾಲು ಜೀವವಿದ್ದವು, ಅದಕ್ಕೆ ‘ಗ’. ಅವುಗಳಲ್ಲಿ ನಾಲ್ಕು ಕಾಲಿನವು ‘ಗಮಿ’. ಹಾಲು ಕೊಡುವವಾದರೆ ‘ಗಮಿತು’. ಮೈಮೇಲೆ ಉಣ್ಣೆಯಿದ್ದರೆ ‘ಗಮಿತುಲೊ’, ಅಂದರೆ ಕುರಿ. ಒಂದು ಕುರಿಯನ್ನು ಕರೆಯಬೇಕೆಂದರೆ ಸೃಷ್ಟಿಯ ಮೊದಲಿನಿಂದ ಹೊರಟು ಬರಬೇಕು. ಅಷ್ಟರಲ್ಲಿ ಕುರಿ ವಡಗೇರಾ ಊರನ್ನೇ ದಾಟಿರುತ್ತದೆ. ಈ ಭಾಷೆಯಲ್ಲಿ ಸುಳ್ಳು ಹೇಳಲು ಬರುವುದೇ ಇಲ್ಲ ಎಂದು ಅಪ್ಪ ಬೀಗುತ್ತಿದ್ದ. ಸತ್ತ ದೊಡ್ಡಮ್ಮನನ್ನು ಒಂದು ತಿಂಗಳು ಆರಾಮವಾಗಿ ಇಟ್ಟಿದ್ದವನು ಆಡುವ ಮಾತು ಇದು!

ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬನನ್ನು ಅಪ್ಪ ಒಂದು ದಿನ ಹಿಡಿದು ಕೂರಿಸಿ ಪಾಠ ಹೇಳಿದ. ಬುತ್ತಿ ಒಯ್ದಿದ್ದ ನಾನೂ ಅಲ್ಲೇ ಇದ್ದೆ. ಕುರಿಗಾರ ಕೋಲಿನ ಮೇಲೆ ಗದ್ದ ಊರಿ ಮರ್ಯಾದೆಯಿಂದ ಪೂರ್ತಿ ಕೇಳಿದ. ಆಮೇಲೆ, ‘ಚಲೋ ಅದರಿ ಮಾಸ್ತರ್ರ. ತನ್ನ ಮರಿ ಸತ್ತು, ಮತ್ತೊಂದರ ಮರಿಗಿ ಮೊಲಿ ಕುಡಸ್ತದಲ್ರಿ, ಆ ಕುರಿಗಿ ಏನಂತಾರ್ರಿ ಇದ್ರಾಗ?’ ಎಂದು ಕೇಳಿದ. ಅಪ್ಪ ನೋಟುಬುಕ್ಕು ತಿರುವಿಹಾಕಿದ. ಅಂಥದಕ್ಕೆ ಸಾಲು ಇರಲಿಲ್ಲ. ‘ಅದೇನು ಬ್ಯಾರೆ ಅಲ್ಲ, ಅದೂ ಗಮಿತುಲೊನ,’ ಎಂದ. ‘ನಮಗ ಬ್ಯಾರೆನ್ರಿ,’ ಎಂದು ಕುರಿಗಾರ ಎದ್ದು, ನಾಲಗೆ ಲೊಚಗುಟ್ಟಿಸಿದ. ಕುರಿಗಳೆಲ್ಲ ತಲೆಯೆತ್ತಿ ಅವನ ಹಿಂದೆ ಹೋದವು. ಅಪ್ಪ ಅದನ್ನು ನೋಡಿದ, ಆದರೆ ಏನೂ ಕಲಿಯಲಿಲ್ಲ.

ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ಧಾರವಾಡದ ಕಡೆಯ ಶಿಕ್ಷಣಾಧಿಕಾರಿಯೊಬ್ಬರು ಸುರಪುರದಲ್ಲಿ ಮೊಕ್ಕಾಂ ಹೂಡಿದ್ದು, ಮುಂದಿನ ವಾರ ಶಹಾಪುರದ ಶಾಲೆ ನೋಡಲು ಬರುವವರಿದ್ದರು. ಅವರನ್ನು ಬಂಡೆಗಳ ಹತ್ತಿರ ಕರೆದೊಯ್ದು ತನ್ನ ಶೋಧ ತೋರಿಸಿದರೆ ಪರೀಕ್ಷೆಯೇ ಮಾಫ್ ಆಗುತ್ತದೆಂದು ಅಪ್ಪ ನಂಬಿದ. ನಂಬಿದವನು ಸುಣ್ಣ ಕಲಸಿದ, ಕೆಂಪು ಜಾಜು ಅರೆದ. ಪ್ರತಿ ಸಾಲಿನ ಮೊದಲ ಬಂಡೆಗೆ ಬಿಳಿ ಗೆರೆಗಳನ್ನೂ ನಡುವೆ ಕೆಂಪು ಬೊಟ್ಟನ್ನೂ ಇಟ್ಟು ಆಯಾ ವರ್ಗದ ಗುರುತು ಬರೆದು ಬಂದ.

ನಮ್ಮ ಸೀಮೆಯಲ್ಲಿ ಹೊಲದ ಕಲ್ಲಿಗೆ ಸುಣ್ಣ ಜಾಜು ಬಿತ್ತೆಂದರೆ ಅದು ದೇವರು. ಯಾರು ಹಚ್ಚಿದರು, ಯಾವ ದೇವರು ಎಂದು ಯಾರೂ ಕೇಳುವುದಿಲ್ಲ; ಕೆರ ಬಿಟ್ಟು ಕೈಮುಗಿಯುತ್ತಾರೆ. ತೊಟ್ಟಿಲ ಕೂಸಿಗೂ ತಿಳಿದ ಸಂಗತಿ. ಇದೇ ಮಣ್ಣಿನಲ್ಲಿ ಹುಟ್ಟಿದ ಅಪ್ಪನಿಗೆ ಅದು ಹೊಳೆಯಲಿಲ್ಲ. ಸಾವಿರಾರು ವರ್ಷದ ಹಿಂದಿನವರು ಏನು ಯೋಚಿಸುತ್ತಿದ್ದರೆಂದು ಬಲ್ಲವನಿಗೆ ಪಕ್ಕದ ಓಣಿಯವರು ಏನು ಮಾಡುತ್ತಾರೆಂದು ಗೊತ್ತಿರಲಿಲ್ಲ.

ಅಧಿಕಾರಿ ಬಂದ ದಿನ ನೀರಿನ ತಂಬಿಗೆ ಹಿಡಿದು ನಾನೂ ಹೋಗಿದ್ದೆ. ಅಪ್ಪ ಗುರುತಿಟ್ಟ ಬಂಡೆಗಳೆಲ್ಲ ಅರಿಶಿನ ಕುಂಕುಮದಲ್ಲಿ ಮುಳುಗಿದ್ದವು. ಜೀವದ ಬಂಡೆಗೆ ಯಾರೋ ಬಟ್ಟೆಯ ಪುಟ್ಟ ತೊಟ್ಟಿಲು ಕಟ್ಟಿದ್ದರು. ಕೊನೆಯದು ‘ಏನೂ ಇಲ್ಲದ್ದು’ ಎಂಬುದರ ಬಂಡೆ. ಎಲ್ಲಕ್ಕಿಂತ ಹೆಚ್ಚು ತೆಂಗಿನಕಾಯಿ ಒಡೆದದ್ದು ಅದರ ಮುಂದೆ. ಮುದುಕಿಯೊಬ್ಬಳು ಅಲ್ಲಿ ಕಡುಬಿನ ಎಡೆ ಇಡುತ್ತಿದ್ದಳು. ಅಪ್ಪ ಓಡಿಹೋಗಿ ಕರವಸ್ತ್ರದಿಂದ ಕುಂಕುಮ ಒರೆಸತೊಡಗಿದ. ‘ಇದು ದೇವ್ರಲ್ಲ! ಇದು ಶೂನ್ಯ!’ ಎಂದು ಕೂಗಿದ. ಮುದುಕಿ ಎದ್ದು ನಿಂತಳು. ‘ಏ ಮಾಸ್ತರ, ಕೈ ತಗಿ! ಕೆರ ಹಾಕ್ಕೊಂಡು ದೇವ್ರ ಮೈ ಮುಟ್ಟತೀಯಲ್ಲ, ಸಾಲಿ ಕಲ್ತಾಂವ ಅಂತ ಹೆಸರು ಬ್ಯಾರೆ!’ ಅಧಿಕಾರಿ ಅಷ್ಟರಲ್ಲಾಗಲೇ ಚಪ್ಪಲಿ ಬಿಟ್ಟಾಗಿತ್ತು. ಕೈಮುಗಿದು, ಕಾಯಿಯ ಹೋಳು ಇಸಕೊಂಡು, ‘ಛಲೋ ಸ್ಥಾನ ತೋರಿಸಿದ್ರಿ ಮಾಸ್ತರ. ಇನ್ನ ಪರೀಕ್ಷಾದ ತಯಾರಿ ಮಾಡ್ಕೋರಿ,’ ಎಂದು ಜೀಪು ಹತ್ತಿದರು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಪ್ಪ ನನ್ನನ್ನು ನೋಡಿದ, ಕುಂಕುಮದ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡ.

ಮನೆಗೆ ಬಂದವನು ನೋಟುಬುಕ್ಕನ್ನು ಕಟ್ಟೆಯ ಮೇಲೆ ಎಸೆದು ಒಳಗೆ ಹೋದ. ನಾನು ಎತ್ತಿಕೊಂಡೆ. ಬರೆದದ್ದು ಉರ್ದುವಿನಲ್ಲಿ, ಮನೆಯಲ್ಲಿ ಎರಡೂ ಲಿಪಿ ಓದಬಲ್ಲವಳು ನಾನೊಬ್ಬಳೇ. ಇಷ್ಟು ದೊಡ್ಡ ಲೋಕದಲ್ಲಿ ನಾವೆಲ್ಲಿದ್ದೇವೆಂದು ಹುಡುಕಿದೆ. ಮೊದಲ ಸಾಲಿನ ತಲೆಯಲ್ಲಿ ‘ಕಲಿಸುವವನು’ ಇದ್ದ, ಬೇರೆ ಯಾರು ಇರುತ್ತಾರೆ. ಏಳನೆಯ ಸಾಲು ‘ಮನೆಯೊಳಗಿನವು’. ಅದರಲ್ಲಿ ಕ್ರಮವಾಗಿ ಒಳಕಲ್ಲು, ಕೊಡ, ಹೆಂಡತಿ, ಬುಟ್ಟಿ, ಮಗಳು. ಬುಟ್ಟಿಯ ಆಚೆ ನಾನು. ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಅಪ್ಪ ಶೇರವಾನಿ ತೊಡಲಿಲ್ಲ. ಬರೀ ಅಂಗಿಯಲ್ಲಿ ನನ್ನ ಮುಂದೆ ನೆಲದ ಮೇಲೆ ಕೂತು, ನನ್ನ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಳಪ ಹಿಡಿದು ‘ಶುರು ಮಾಡವ್ವ,’ ಎಂದ. ಮಗಳಿಗೆ ಅವ್ವ ಎಂದು ಕರೆಯುವುದು ನಮ್ಮಲ್ಲಿ ರೂಢಿ, ಆದರೆ ಅವನು ನನ್ನನ್ನು ಹಾಗೆ ಕರೆದದ್ದು ನನಗೆ ನೆನಪಿರುವಂತೆ ಅದೇ ಮೊದಲು.

‘ಬುಟ್ಟಿ ಪಾಠ ಹೇಳ್ತದೇನಪ್ಪ?’ ಎಂದೆ. ಹಲಗೆಯನ್ನು ಅವನ ಹತ್ತಿರವೇ ಬಿಟ್ಟು ಎದ್ದುಹೋದೆ.

ಅವನಿಗೆ ಅರ್ಥವಾಯಿತು. ಇನ್ನೊಮ್ಮೆ ಕೇಳಲಿಲ್ಲ, ಕೇಳುವ ಜಾತಿಯೂ ಅಲ್ಲ. ಅವ್ವ ನನ್ನ ಗದ್ದ ಹಿಡಿದು ಬೇಡಿಕೊಂಡಳು. ‘ಅಪ್ಪಗ ಎಲ್ಲಾ ಬರ್ತದಲ್ಲಬೇ, ನನ್ನ ಯಾಕ ಕೇಳ್ತಿ,’ ಎಂದು ಮುಖ ತಿರುವಿದೆ. ಪರೀಕ್ಷೆಯ ದಿನ ಬರುವವರೆಗೂ ಅವನ ಮುಂದೆ ತಲೆಯೆತ್ತಿಕೊಂಡು ಓಡಾಡಿದೆ. ಆ ನಡಿಗೆ ಯಾರದೆಂದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ, ಅದು ಅವನದೇ.

ಯಾದಗಿರಿಯಲ್ಲಿ ಅಪ್ಪ ಖಾಲಿ ಕಾಗದ ಕೊಟ್ಟು ಬಂದ. ನೌಕರಿ ಹೋಯಿತು. ಬೋನಾಳಕ್ಕೆ ಹೋದೆವು, ಆ ವರ್ಷವೇ ನನ್ನ ಲಗ್ನವಾಯಿತು. ನನ್ನ ಪುಸ್ತಕಗಳನ್ನು ತರಗತಿಯಲ್ಲಿ ಎರಡನೆಯವಳಾಗಿದ್ದ ಹುಡುಗಿಗೆ ಕೊಟ್ಟೆವು. ಅವಳು ಮುಂದೆ ಮಾಸ್ತರಬಾಯಿ ಆದಳು. ಅಪ್ಪನ ಹುಚ್ಚು ಭಾಷೆ ನನ್ನ ಶಾಲೆಯನ್ನು ನುಂಗಿತೆಂದು ಮಕ್ಕಳಿಗೆ ಹೇಳಿದ್ದೇನೆ, ಮೊಮ್ಮಕ್ಕಳಿಗೂ ಹೇಳಿ ನಗಿಸಿದ್ದೇನೆ. ಅವನು ಹಲಗೆ ಹಿಡಿದು ಕೂತ ಬೆಳಿಗ್ಗೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಪರೀಕ್ಷೆಗೆ ಹದಿನೆಂಟು ದಿನ ಇದ್ದವು. ದಿನಕ್ಕೆ ಮೂರು ಅಕ್ಷರ ಹೇಳಿಕೊಟ್ಟಿದ್ದರೆ ಸಾಕಿತ್ತು.