ಇಂಜೆಕ್ಷನ್ ಶೀಷೆಯ ಚಿನ್ನ

ಅರ್ಜಿಯಲ್ಲಿ 'ಉದ್ದೇಶ' ಎಂದು ಕೇಳಿದ್ದ ಕಡೆ ನಾನು ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್‌ನಲ್ಲಿ 'ರಿಕ್ರಿಯೇಶನ್' ಎಂದು ಬರೆದೆ. ಗಣಿ ಇಲಾಖೆಯ ಕೌಂಟರಿನವನು ಅದನ್ನೋದಿ ಪಕ್ಕದವನಿಗೆ ತೋರಿಸಿದ. ಇಬ್ಬರೂ ನಕ್ಕರು.

"ಮಾಮಾ, ಸರ್ಕಾರಿ ನೆಲದಲ್ಲಿ ಚಿನ್ನ ಹುಡುಕೋಕೆ ಕಂಪನಿಗೆ ಪರ್ಮಿಟ್ ಇದೆ, ಗಣಿ ಕೆಲಸದವರ ಸಂಘಕ್ಕೆ ಇದೆ. ಖುಷಿಗೆ ಅಂತ ಕೆಟಗರಿ ಇಲ್ಲ." ಈ ದೇಶದಲ್ಲಿ ವಯಸ್ಸಾದ ಹೆಂಗಸರೆಲ್ಲ 'ಮಾಮಾ', ಅಂದರೆ ಅಮ್ಮ.

"ಖುಷಿಗೇ ಹುಡುಕೋರು ಏನು ಮಾಡ್ಬೇಕಪ್ಪ?"

"ಸಂಘ ಸೇರಿ," ಎಂದವನು ನನ್ನ ಊರುಗೋಲು ನೋಡಿ ಮತ್ತೆ ನಕ್ಕ.

ನನ್ನ ಗಂಡ ಇದೇ ಊರಿನ ಪಂಗಾನಿ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರಾಗಿದ್ದರು. ಪ್ರತಿ ಈಸ್ಟರ್ ರಜೆಗೆ ನಾವಿಬ್ಬರೂ ಪಶ್ಚಿಮದ ಒಂದು ಹೊಳೆಗೆ ಹೋಗುತ್ತಿದ್ದೆವು. ಅವರು ಪ್ಯಾಂಟು ಮಡಚಿ ಮರಳು ತೋಡಿ ಕೊಡುವರು. ಅಲ್ಯುಮಿನಿಯಂ ಬೇಸಿನ್ನಿನಲ್ಲಿ ಅದನ್ನು ಜಾಲಿಸುವವಳು ನಾನು. ಕಲ್ಲು ತೆಗೆಯಲು ಅಕ್ಕಿ ಜಾಲಿಸಿದ ಹಾಗೆಯೇ. ಅಕ್ಕಿಯಲ್ಲಿ ತಳಕ್ಕಿಳಿದದ್ದನ್ನು ಎಸೆಯುತ್ತೇವೆ, ಇಲ್ಲಿ ಅದನ್ನೇ ಇಟ್ಟುಕೊಳ್ಳುವುದು. ಅಷ್ಟು ವರ್ಷಗಳಲ್ಲಿ ಸಿಕ್ಕಿದ್ದು ಸಾಸಿವೆಗಿಂತ ಸಣ್ಣ ಏಳು ಕಣ. ಇಂಜೆಕ್ಷನ್ನಿನ ಖಾಲಿ ಶೀಷೆಯಲ್ಲಿ ಹಾಕಿಟ್ಟಿದ್ದರು. ಈಗ ಅವರಿಲ್ಲ. ಮುಂದಿನ ವರ್ಷಕ್ಕೆ ನಾನು ಕುಕ್ಕರುಗಾಲಿನಲ್ಲಿ ಕೂರುವ ಹಾಗಿಲ್ಲ ಎಂದು ಹರ್ಲಿಂಗ್‌ಹ್ಯಾಮ್‌ನ ಮಂಡಿ ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಷ್ಟರೊಳಗೆ ಮೊಮ್ಮಗಳಿಗೆ ಆ ಕೈತಿರುವು ಕಲಿಸಬೇಕೆಂಬುದೊಂದೇ ನನ್ನ ಆಸೆ.

ತಪ್ಪು ನನ್ನದೇ. ಕೇಳುವ ಮೊದಲೇ ನಿಜ ಹೇಳಿಬಿಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ನಮಗೆ ಬೆತ್ತ ಹಿಡಿದು ಕಲಿಸಿದ್ದರು. ಒಳ್ಳೆಯ ಹುಡುಗಿಯಂತೆ ಹೇಳಿದೆ: "ಮೊದಲು ಸಿಕ್ಕಿದ್ದು ಮನೇಲಿ ಒಂದು ಶೀಷೇಲಿದೆ. ಅದಕ್ಕೂ ಏನಾದ್ರೂ ಫಾರಂ ಇದ್ಯಾ?"

ಅವನ ನಗು ನಿಂತಿತು. ಪೆನ್ನು ಕೆಳಗಿಟ್ಟ.

"ನೆಲದಡಿ ಇರೋದೆಲ್ಲ ಸ್ಟೇಟ್‌ದು ಮಾಮಾ. ಪರ್ಮಿಟ್ ಇಲ್ದೆ ಇಟ್ಕೊಂಡಿದ್ದೀರಿ. ತಂದು ಒಪ್ಪಿಸಿ." ಆಮೇಲೆ ಗಾಜಿನ ಕಿಂಡಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ, "ಕೌಂಟರಿಗೆ ಬೇಡ. ನನಗೆ ಫೋನ್ ಮಾಡಿ," ಎಂದ.

ಥೂ! ಆ ತಗ್ಗಿದ ದನಿಯೇ ನನಗೆ ಹೇಸಿಗೆ ತರಿಸಿತು. ಅದೇ ಹೊಳೆಯ ದಂಡೆಯನ್ನು ಕಂಪನಿಯ ಯಂತ್ರಗಳು ಬಗೆದು ಹಾಕಿವೆ. ಕಳೆದ ಸಲ ನೀರು ಹಳಸಿದ ಟೀ ಬಣ್ಣಕ್ಕಿತ್ತು. ಬಗೆದವರ ಕೈಯಲ್ಲಿ ಸೀಲು ಬಿದ್ದ ಕಾಗದವಿದೆ. ನನ್ನ ಬೇಸಿನ್ನಿಗೆ ಕೆಟಗರಿ ಇಲ್ಲ.

ಕಿಲಿಮಾನಿಯ ಫ್ಲ್ಯಾಟಿಗೆ ಬಂದು ಮೊಮ್ಮಗಳಿಗೆ ಎಲ್ಲ ಹೇಳಿದೆ.

"ಅಜ್ಜಿ, ವೈ ಡಿಡ್ ಯೂ ಟೆಲ್ ಹಿಮ್? ಹೂ ಡಸ್ ದಟ್!"

"ನಾನು."

"ಓನ್ಲಿ ಯೂ, ಅಜ್ಜಿ. ಓನ್ಲಿ ಯೂ."

ಅಡುಗೆಮನೆಯ ಸಿಂಕಿನಲ್ಲಿ ಬೇಸಿನ್ ಇಟ್ಟೆ. ಬಾಲ್ಕನಿಯ ಕುಂಡದಿಂದ ಎರಡು ಹಿಡಿ ಮರಳುಮಣ್ಣು ಹಾಕಿ, ಶೀಷೆಯನ್ನು ಬೋರಲು ಹಾಕಿ ಏಳೂ ಕಣಗಳನ್ನು ಅದರ ಮೇಲೆ ಸುರಿದೆ.

"ಆರ್ ಯೂ ಮ್ಯಾಡ್?"

"ನೀರು ಬಿಡು. ತಿರುಗಿಸು. ಮಣಿಕಟ್ಟಿನಿಂದ ಕಣೇ, ಭುಜದಿಂದಲ್ಲ. ಹಿಟ್ಟು ಕಲಸ್ತಿದ್ದೀಯಾ?"

ಅವಳು ಬೈದುಕೊಂಡೇ ತಿರುಗಿಸಿದಳು. ಕೆಸರು ತುಳುಕಿ ಹೋಯಿತು, ಹಗುರದ ಮರಳೂ ಹೋಯಿತು. ಕೊನೆಗೆ ಕಪ್ಪು ಮರಳಿನ ಗೆರೆಯಂಚಿನಲ್ಲಿ ಹಳದಿ ಕಂಡಿತು. ಅವಳು ಬೈಯುವುದನ್ನು ಮರೆತಳು. ಬೆರಳು ಒದ್ದೆ ಮಾಡಿ ಒಂದೊಂದನ್ನೇ ಅಂಗೈಗೆ ಅಂಟಿಸಿಕೊಂಡಳು. ಐದು. ಇನ್ನೆರಡು ಮೋರಿಗೆ ಹೋಗಿದ್ದವು. ಸ್ಟೇಟ್ ಬೇಕಾದರೆ ಅಲ್ಲಿ ಹುಡುಕಿಕೊಳ್ಳಲಿ.

ಅಷ್ಟರಲ್ಲಿ ಫೋನ್ ಬಂತು. ಅರ್ಜಿಯಲ್ಲಿದ್ದ ನನ್ನ ನಂಬರು ನೋಡಿ ಆ ಕೌಂಟರಿನವನೇ ಮಾಡಿದ್ದ.

"ಮಾಮಾ, ಶೀಷೆ ಯಾವಾಗ ತರ್ತೀರಿ?"

ಶೀಷೆ ಸಿಂಕಿನ ಪಕ್ಕ ಬೋರಲು ಬಿದ್ದಿತ್ತು. "ಶೀಷೆ ಖಾಲಿ ಕಣಪ್ಪ," ಎಂದೆ.

ಸುಳ್ಳೇನಲ್ಲ. ಆದರೂ ಫೋನ್ ಇಟ್ಟ ಮೇಲೆ ಬಾಯಿ ಕಹಿಯಾಗಿತ್ತು. ಈ ವಯಸ್ಸಿನಲ್ಲಿ ನನಗೂ ಇದನ್ನು ಕಲಿಸಿಬಿಟ್ಟರಲ್ಲ! ಮೊಮ್ಮಗಳು ಮಾತ್ರ ಅಂಗೈ ಮುಚ್ಚದೆ, ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಇದ್ದಳು.